ಮೂರು ಸಲ ಕೇಳಿ ಬರೆಯುತ್ತಿದ್ದವರು

ಕಳೆದ ವಾರ ಹೊನ್ನಾವರದಿಂದ ಕೆಂಪು ಚಿರೆಕಲ್ಲು ತುಂಬಲು ಬಂದ ಲಾರಿಯ ಡ್ರೈವರ್ ಗಾಡಿಯಿಂದ ಇಳಿಯುವ ಮೊದಲೇ ಕೂಗಿ ಹೇಳಿದ: "ಜಟ್ಟಪ್ಪಣ್ಣ, ನಿಮ್ಮ ಅರ್ಜಿ ಮಾಸ್ತರ್ರು ಹೋಗ್ಬಿಟ್ರಂತೆ ಮಾರಾಯ್ರೆ."

"ಎಂತ ಆಗಿತ್ತು?"

"ಎಂತದೂ ಇಲ್ಲ. ಬೆಳಿಗ್ಗೆ ಚಾ ಕುಡ್ದು ಪೇಪರ್ ಹಿಡ್ಕಂಡು ಕೂತಿದ್ರಂತೆ. ಕೂತಲ್ಲೇ."

ಆ ದಿನ ಮಧ್ಯಾಹ್ನದ ಮೇಲೆ ನಾನು ಕೆಲಸ ನಿಲ್ಲಿಸಿದೆ. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಟ್ಟಳ್ಳಿಯಲ್ಲಿ ನನ್ನ ಕ್ವಾರಿ ಮಳೆಗೆ ನಿಲ್ಲುತ್ತದೆ, ಮನುಷ್ಯರಿಗಾಗಿ ನಿಂತದ್ದಿಲ್ಲ. ನನ್ನ ಮದುವೆಯ ಮಾರನೆಯ ದಿನವೂ ನಾನು ಕಲ್ಲು ಕಡಿದವನು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಬಹಳ ಮಂದಿಗೆ ಗುರುತು ಸಿಗಲಿಕ್ಕಿಲ್ಲ. ಭಟ್ಕಳದಿಂದ ಕುಮಟೆಯವರೆಗೆ ಅವರು ಅರ್ಜಿ ಮಾಸ್ತರ್ರು, ಅಷ್ಟೇ. ಹೊನ್ನಾವರದ ಕೋರ್ಟಿನ ಜಗಲಿಯ ಕೊನೆಗೆ, ಗಾಳಿಮಳೆಯ ಎರಚಲು ತಾಗದ ಮೂಲೆಯಲ್ಲಿ ಒಂದು ಚಾಪೆ, ಅದರ ಮೇಲೆ ಇಳಿಜಾರಿನ ಮರದ ಡೆಸ್ಕು, ಶಾಯಿ ಬಾಟಲಿ, ನಿಬ್ಬಿನ ಪೆನ್ನು. ಕುತ್ತಿಗೆಯವರೆಗೆ ಗುಂಡಿ ಹಾಕಿದ ಕಂದು ಕೋಟು. ಅದರ ಬಲಗೈ ತೋಳು ಮೊಣಕೈಯ ಹತ್ತಿರ ಸವೆದು ಹೊಳೆಯುತ್ತಿತ್ತು. ಎಡಗೈಯದು ಹೊಸದರಂತೆಯೇ ಇತ್ತು. ಮನುಷ್ಯ ಯಾವ ಕೈಯಿಂದ ದುಡಿದು ಉಂಡನೆಂದು ಕೋಟೇ ಹೇಳುತ್ತಿತ್ತು.

ಅವರು ಕತಗಾಲ ಕಡೆಯ ಬ್ರಾಹ್ಮಣರು. ಆ ಕಾಲಕ್ಕೆ ಆ ಜಗಲಿಯಲ್ಲಿ ನಮ್ಮಂಥವರನ್ನು 'ನೀವು' ಎಂದು ಕರೆದವರು ಅವರೊಬ್ಬರೇ. ಕೋರ್ಟಿನ ಪಟ್ಟೇವಾಲ ಜವಾನ ನನ್ನನ್ನು "ಹೇ ಕಲ್ಲಿನವ" ಎಂದು ಕೂಗುತ್ತಿದ್ದ. ಇವರು "ಬನ್ನಿ, ಕೂತ್ಕಳಿ" ಎಂದು ಚಾಪೆಯ ಅಂಚಿನ ಕಡೆ ಕೈ ತೋರಿಸುತ್ತಿದ್ದರು. ಮೊದಲ ಸಲ ನಾನು ಕೂರಲಿಲ್ಲ. ಕೂತರೆ ಬಟ್ಟೆಯ ಕೆಂಪು ಧೂಳು ಚಾಪೆಗೆ ಹತ್ತುತ್ತದೆಂದು ನಿಂತೇ ಇದ್ದೆ. ಅವರೂ ಎದ್ದು ನಿಂತರು. ಅವರು ನಿಂತು ಬರೆಯುವುದು ಹೇಗೆ? ಕಡೆಗೆ ನಾನೇ ಕೂತೆ.

ಅವರದು ಒಂದು ಕ್ರಮ ಇತ್ತು. ಅರ್ಜಿ ಬರೆಸಲು ಬಂದವರು ತಮ್ಮ ಸಂಗತಿಯನ್ನು ಮೂರು ಸಲ ಹೇಳಬೇಕು. ಮೊದಲ ಸಲ ಕೇಳುವಾಗ ಪೆನ್ನು ಮುಟ್ಟುತ್ತಿರಲಿಲ್ಲ. ಎರಡನೆಯ ಸಲ ಶಾಯಿ ಬಾಟಲಿ ತೆರೆಯುತ್ತಿದ್ದರು. ಮೂರನೆಯ ಸಲ ಕಣ್ಣು ಮುಚ್ಚಿ ಕೇಳಿ, ಆಮೇಲೆ ಬರೆಯುತ್ತಿದ್ದರು. ಮೂರೂ ಸಲದಲ್ಲಿ ಯಾವುದು ಬದಲಾಗದೆ ಉಳಿಯಿತೋ ಅದಷ್ಟೇ ಅರ್ಜಿಗೆ. ಮಧ್ಯದಲ್ಲಿ ಎಲ್ಲಾದರೂ ಸುಳ್ಳು ಕಂಡರೆ ಬಯ್ಯುವುದಿಲ್ಲ, ಎದುರು ಮಾತಾಡುವುದಿಲ್ಲ, ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿಬಿಡುವುದು. ಮುಚ್ಚಳ ಬಿತ್ತೆಂದರೆ ಆ ದಿನಕ್ಕೆ ಮುಗಿಯಿತು.

ಒಮ್ಮೆ ಮೀನು ಮಾರುವ ಹೆಂಗಸೊಬ್ಬಳು ಬಾವಿಯ ದಾರಿಯ ತಕರಾರು ತಂದಿದ್ದಳು. ಮೊದಲ ಸಲ ನೆರೆಯವನ ಏಳು ತಲೆಮಾರು ಜಾಲಾಡಿದಳು. ಎರಡನೆಯ ಸಲ ಅತ್ತಳು. ಮೂರನೆಯ ಸಲಕ್ಕೆ ದಣಿದು, ದೀಪಾವಳಿಯ ಮಾರನೇ ದಿನ ಅವನು ದಾರಿಗೆ ಮುಳ್ಳು ಹಾಕಿದ, ಮೊದಲು ಅಲ್ಲಿ ಮುಳ್ಳಿರಲಿಲ್ಲ ಎಂದಳು. ಇವರು ನಾಲ್ಕು ಸಾಲು ಬರೆದು ಓದಿ ಹೇಳಿದರು.

"ಇಷ್ಟೇಯಾ? ನಾ ಇಷ್ಟೊತ್ತು ಬಾಯಿ ನೋಯಿಸ್ಕಂಡಿದ್ದು ಎಲ್ಲಿ ಹೋತು?"

"ಅದು ನಿಮ್ಮ ಸಮಾಧಾನಕ್ಕೆ ತಾಯಿ. ಮಾಮಲೇದಾರರಿಗೆ ಇಷ್ಟೇ ಸಾಕು. ಅರ್ಜಿ ಅಂದ್ರೆ ಅಳೂದಲ್ಲ."

ಕುಮಟೆಯ ಸಾಹುಕಾರರೊಬ್ಬರು ಯಾವುದೋ ಗೋದಾಮು ಪೂರ್ತಿ ನೆರೆಗೆ ಹೋಯಿತೆಂದು ಬರೆಸಲು ಬಂದಾಗ ಎರಡನೆಯ ಸಲಕ್ಕೇ ಮುಚ್ಚಳ ಬಿತ್ತು. "ಎಂತ ಆತು ಮಾಸ್ತರ್ರೇ?" ಎಂದರೆ, "ಸುಳ್ಳು ಬೇಕಾದ್ರೆ ಒಳಗೆ ಹೋಗಿ ಸಾಹುಕಾರ್ರೆ, ಅಲ್ಲಿ ಕಪ್ಪು ಕೋಟು ಹಾಕ್ಕಂಡವ್ರು ಇದ್ದಾರೆ. ನಾ ಹೊರಗೆ ಕೂತವ" ಎಂದರಂತೆ. ಈ ಮಾತು ಒಳಗಿನ ವಕೀಲರಿಗೂ ಮುಟ್ಟಿತು. ಅವರೂ ನಕ್ಕರು. ನಗದೆ ಇನ್ನೇನು ಮಾಡುತ್ತಾರೆ, ಅವರ ಅರ್ಧ ಕಾಗದ ಬರೆಯುವವರೇ ಇವರು.

ಈಗ ನನ್ನ ಸಂಗತಿ ಹೇಳಬೇಕು. ಅದಿಲ್ಲದೆ ಅವರ ಸಂಗತಿ ಪೂರ್ತಿಯಾಗುವುದಿಲ್ಲ.

ಅಪ್ಪ ತೀರಿಕೊಂಡಾಗ ನಾನು ನಾಲ್ಕನೇ ಇಯತ್ತೆ. ಪಾಟಿ ಇಟ್ಟು ಪಿಕಾಸಿ ಹಿಡಿದೆ. ತಮ್ಮ ಮಾದೇವ ನನಗಿಂತ ಎಂಟು ವರ್ಷಕ್ಕೆ ಸಣ್ಣವನು. ಅವನನ್ನು ನಾನು ಓದಿಸಿದೆ. ಮುಲ್ಕಿ ಪಾಸಾದ, ಮೆಟ್ರಿಕ್ ಪಾಸಾದ, ಕುಮಟೆಯ ಕಾಲೇಜು ಸೇರಿದ. ಅಲ್ಲಿ ನಮ್ಮ ಸಮಾಜದವರ ಒಂದು ಬೋರ್ಡಿಂಗ್ ಇತ್ತು. ತಂದೆಯಿಲ್ಲದ ಹುಡುಗನೆಂದು ಅವರೇ ಬಿಟ್ಟಿ ಊಟಕ್ಕೆ ಸೇರಿಸಿಕೊಳ್ಳುತ್ತೇವೆಂದು ಹೇಳಿ ಕಳಿಸಿದರು. ನಾನು ಬೇಡವೆಂದೆ. ನಮ್ಮ ಮನೆಯವನು ಬಿಟ್ಟಿ ಅನ್ನ ಉಣ್ಣುವುದಿಲ್ಲ, ನಾನಿದ್ದೇನೆ ಎಂದೆ. ಅವನಿಗೊಂದು ಕೋಣೆ ಹಿಡಿದುಕೊಟ್ಟು, ತಿಂಗಳಿಗೊಮ್ಮೆ ಅಕ್ಕಿ, ತೆಂಗಿನಕಾಯಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದೆ. ಊರಿನಲ್ಲಿ ಜನ ಹೊಗಳಿದರು. ಹೊಗಳಿದ್ದು ನನಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅವನು ವಕೀಲನಾಗಬೇಕೆಂಬುದು ನನ್ನ ಹಠವೂ ಹೌದು, ಅವನ ಆಸೆಯೂ ಹೌದು. ಕ್ವಾರಿಯ ಗಡಿಯ ಒಂದು ದಾವೆಯಲ್ಲಿ ನಾನು ಎರಡು ವರ್ಷ ಆ ಜಗಲಿಯಲ್ಲಿ ಕೈಕಟ್ಟಿ ನಿಂತಿದ್ದೆ. ಒಳಗೆ ನನ್ನ ಬಗ್ಗೆ ಏನು ಮಾತಾಗುತ್ತಿದೆಯೆಂದು ನನಗೇ ತಿಳಿಯುತ್ತಿರಲಿಲ್ಲ. ನಮ್ಮ ಮನೆಯಿಂದ ಒಬ್ಬ ಒಳಗೆ ಹೋಗಿ ಮಾತಾಡಬೇಕು ಎಂದು ಅಲ್ಲಿ ನಿಂತೇ ಗಟ್ಟಿ ಮಾಡಿಕೊಂಡಿದ್ದೆ.

ಬಿ.ಎ. ಫಲಿತಾಂಶ ಬಂತು. ಥರ್ಡ್ ಕ್ಲಾಸ್. ಮೊದಲ ವರ್ಷ ಒಂದು ವಿಷಯದಲ್ಲಿ ಬಿದ್ದು ಮತ್ತೆ ಕಟ್ಟಿದ್ದ. ಆಗ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷ ಆಗಿತ್ತು. ಲಾ ಓದಬೇಕೆಂದರೆ ಘಟ್ಟ ಹತ್ತಬೇಕಿತ್ತು. ಅಲ್ಲಿನ ಕಾಲೇಜಿನಲ್ಲಿ ಒಳ್ಳೆಯ ಮಾರ್ಕಿನವರಿಗೆ ಮೊದಲು ಸೀಟು. ಉಳಿದ ಕೆಲವೇ ಸೀಟಿಗೆ ಪ್ರಿನ್ಸಿಪಾಲರು ಅರ್ಜಿ ಓದಿ, ಕರೆಸಿ ಮಾತಾಡಿಸಿ, ಬೇಕಾದವರನ್ನು ತೆಗೆದುಕೊಳ್ಳುತ್ತಾರೆ ಎಂದು ತಿಳಿಯಿತು. ಹಾಗಾದರೆ ಅರ್ಜಿಯ ಮೇಲೆಯೇ ಎಲ್ಲ. ಅರ್ಜಿಯೆಂದರೆ ನಮಗೆ ಗೊತ್ತಿದ್ದದ್ದು ಒಬ್ಬರೇ. ಹೊಳೆ ದಾಟಿ ತಮ್ಮನನ್ನು ಕರೆದುಕೊಂಡು ಹೋದೆ.

ಅವರು ಕೇಳಿದ್ದು ಒಂದೇ ಪ್ರಶ್ನೆ. "ಮಾರ್ಕು ಎಂತಕ್ಕೆ ಕಡಿಮೆ ಆತು?"

ಮಾದೇವ, "ಜ್ವರ ಬಂದಿತ್ತು" ಎಂದ.

"ಆತು. ಇನ್ನೊಂದ್ಸಲ ಹೇಳಿ."

"ಇಂಗ್ಲಿಷು ಕಷ್ಟ ಆತು."

"ಮತ್ತೊಂದ್ಸಲ."

ತಮ್ಮ ನನ್ನ ಮುಖ ನೋಡಿದ. ಮುಚ್ಚಳ ಬಿತ್ತು.

ನನಗೆ ಸಿಟ್ಟು ಬಂತು. "ನಾವು ಧರ್ಮಕ್ಕೆ ಬರಸ್ಕಳ್ಳುಕೆ ಬಂದವ್ರಲ್ಲ ಮಾಸ್ತರ್ರೇ."

"ಗೊತ್ತು. ಅದಕ್ಕೇ ಹೇಳ್ತೆ, ಇವತ್ತು ಬೇಡ."

"ನೀವು ಬರೀದಿದ್ರೆ ಬರ್ಯೂರೇ ಇಲ್ವ ಮತ್ತೆ?"

"ಇದ್ದಾರೆ. ಬರೆಸ್ಕಳಿ" ಎಂದರು. ವ್ಯಂಗ್ಯವಾಗಿ ಹೇಳಿದ್ದಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿತು.

ಬರೆಸಿದೆ. ಅಷ್ಟರಲ್ಲಿ ಮಾದೇವನಿಗೆ ಹಿರೇಗುತ್ತಿಯ ಶಾಲೆಯಲ್ಲಿ ಕೆಲವು ತಿಂಗಳ ಮಾಸ್ತರಿಕೆ ಸಿಕ್ಕಿತ್ತು. ಫಾರಮಿಗೆ ಸಹಿ ಹಾಕಿಕೊಟ್ಟು ಅವನು ಹೋದ. ಮಿಕ್ಕದ್ದೆಲ್ಲ ನಾನೇ ಮಾಡಿದೆ. ಕುಮಟೆಯಲ್ಲಿ ಟೈಪು ಹೊಡೆಸಿದೆ. ಒಬ್ಬ ವೈದ್ಯನಿಂದ ವಿಷಮಶೀತಜ್ವರದ ಸರ್ಟಿಫಿಕೇಟು ತಂದೆ. ಆ ವೈದ್ಯ ಆಮೇಲೆ ಊರು ಬಿಟ್ಟ. ಮಾದೇವನನ್ನು ಕಣ್ಣಿನಲ್ಲೇ ನೋಡದ ಒಬ್ಬ ದೊಡ್ಡ ಮನುಷ್ಯರ ಶಿಫಾರಸು ಕಾಗದ ತಂದೆ. ಕಾಗದ ಹೆಚ್ಚಾದಷ್ಟು ಒಳ್ಳೆಯದೆಂದು ಮನೆಯ ಪೆಟ್ಟಿಗೆಯಲ್ಲಿ ಅವನ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಏನೇನಿತ್ತೋ ಎಲ್ಲ ಸೇರಿಸಿದೆ. ಅದರಲ್ಲಿ ಒಂದಕ್ಕೆ ಚಿನ್ನದ ಬಣ್ಣದ ಮುದ್ರೆ ಇತ್ತು. ನೋಡಲು ಎಲ್ಲಕ್ಕಿಂತ ಅದೇ ಜೋರಾಗಿತ್ತು. ಅದನ್ನು ಮೇಲೆಯೇ ಇಟ್ಟೆ.

ಒಂದು ತಿಂಗಳ ಮೇಲೆ ಲಕೋಟೆ ವಾಪಸು ಬಂತು. ಸೀಟಿಲ್ಲ. ಎರಡು ಕಾಗದಗಳನ್ನು ಗುಂಡುಸೂಜಿಯಿಂದ ಒಟ್ಟಿಗೆ ಚುಚ್ಚಿ, ಎರಡರಲ್ಲೂ ತಾರೀಕಿನ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಗೆರೆ ಕಾಣುತ್ತಿತ್ತು, ಅರ್ಥ ಕಾಣುತ್ತಿರಲಿಲ್ಲ. ಹತ್ತು ದಿನ ಆ ಲಕೋಟೆಯನ್ನು ಮಾಡಿನ ಸಂದಿಯಲ್ಲಿಟ್ಟು ಸುಮ್ಮನಿದ್ದೆ. ಯಾರಿಗೆ ತೋರಿಸಲಿ? ಕಡೆಗೆ ಅವರಲ್ಲಿಗೇ ಹೋದೆ. ಹೋಗುವುದಕ್ಕೆ ನನಗಾದ ಕಷ್ಟ ನನಗೇ ಗೊತ್ತು.

ಅವರು ಎರಡೂ ಕಾಗದ ಡೆಸ್ಕಿನ ಮೇಲೆ ಅಕ್ಕಪಕ್ಕ ಇಟ್ಟರು. "ಈ ಕಾಗದ ಹೇಳ್ತದೆ, ಮಾದೇವ ಆ ಇಡೀ ತಿಂಗಳು ಹಾಸಿಗೆ ಬಿಟ್ಟು ಏಳ್ಲಿಲ್ಲ ಅಂತ. ಈ ಮುದ್ರೆ ಕಾಗದ ಹೇಳ್ತದೆ, ಅದೇ ತಿಂಗಳು ಕಾಲೇಜಿನ ಸ್ಟೇಜ್ ಮೇಲೆ ನಿಂತು ಭಾಷಣ ಮಾಡಿ ಮೊದಲ ಬಹುಮಾನ ತಕಂಡ ಅಂತ. ಒಂದೇ ಲಕೋಟೆಗೆ ಎರಡನ್ನೂ ಹಾಕಿದ್ದು ಯಾರು?"

"ನಾನೇ."

ಹತ್ತಿರ ನಿಂತಿದ್ದ ಪಟ್ಟೇವಾಲ ಕಿಸಕ್ಕೆಂದ. ಅವರು ತಲೆಯೆತ್ತಿ ಅವನನ್ನು ಒಮ್ಮೆ ನೋಡಿದರು. ಅವನು ಒಳಗೆ ಹೋದ. ಮಾಸ್ತರರು ನಗಲಿಲ್ಲ. ಗುಂಡುಸೂಜಿಯನ್ನು ಬೆರಳಲ್ಲಿ ತಿರುಗಿಸುತ್ತ ತಮ್ಮದೇ ಒಂದು ಸಂಗತಿ ಹೇಳಿದರು. ಅವರಾಗಿ ತಮ್ಮ ಬಗ್ಗೆ ಹೇಳಿದ್ದು ನನ್ನ ಲೆಕ್ಕಕ್ಕೆ ಅದೊಂದೇ.

ಅವರು ಮೊದಲು ಶಾಲಾ ಮಾಸ್ತರರಂತೆ. ಬಡವರ ಮನೆಯ ಹುಡುಗನೊಬ್ಬನಿಗೆ ಸರಕಾರಿ ನೌಕರಿ ಸಿಗುವುದರಲ್ಲಿತ್ತು, ವಯಸ್ಸು ಏಳೆಂಟು ತಿಂಗಳು ಹೆಚ್ಚಾಗಿತ್ತು. ಅವನ ತಾಯಿ ಬಂದು ಅತ್ತಳು. ಇವರು ಶಾಲೆಯ ದಾಖಲೆಯಲ್ಲಿ ಹುಟ್ಟಿದ ತಾರೀಕು ತಿದ್ದಿ ಸರ್ಟಿಫಿಕೇಟು ಕೊಟ್ಟರು. ಎರಡು ವರ್ಷ ನೌಕರಿ ಮಾಡಿದ ಮೇಲೆ ಅದು ಹೊರಬಿತ್ತು. ಹುಡುಗನನ್ನು ತೆಗೆದು ಹಾಕಿದರು. ಇನ್ನೆಂದೂ ಯಾವ ಸರಕಾರಿ ಕೆಲಸಕ್ಕೂ ಅರ್ಜಿ ಹಾಕಬಾರದೆಂದು ಬರೆದರು.

"ನನ್ನ ಮೇಲೆ ಯಾರೂ ಕಂಪ್ಲೇಂಟ್ ಮಾಡ್ಲಿಲ್ಲ. ಆ ಹುಡುಗನೂ ಮಾಡ್ಲಿಲ್ಲ. ದಾರಿಯಲ್ಲಿ ಸಿಕ್ಕಿದ್ರೆ ಈಗ್ಲೂ ಕೈ ಮುಗೀತ. ಅದನ್ನೇ ತಡ್ಕಳ್ಳುಕೆ ಆಗ್ಲಿಲ್ಲ. ಶಾಲೆ ಬಿಟ್ಟೆ. ನಾ ಪಾಪದವರಿಗೆ ಪಾಪ ಅಂತ ಬರೆದದ್ದು ಜಟ್ಟಪ್ಪ. ಕೆಟ್ಟ ಮನಸ್ಸಲ್ಲಿ ಅಲ್ಲ" ಎಂದರು.

ಆಮೇಲೆ ಮಾದೇವನ ಮಾರ್ಕಿನ ಪಟ್ಟಿಯನ್ನು ಹತ್ತಿರ ಹಿಡಿದು ನೋಡಿದರು. ಮಾರ್ಕಿನ ಬಗ್ಗೆ ಅವರು ಹೇಳಿದ್ದು ನನ್ನ ಕಸುಬಿನ ಮಾತಿನಲ್ಲೇ: "ಆದ ಮಾರ್ಕು ಕಡಿದ ಕಲ್ಲು. ಸಣ್ಣದಾಗಿ ಕಡಿದ್ರೆ ಮತ್ತೆ ದೊಡ್ಡದು ಮಾಡುಕೆ ಬರೂದಿಲ್ಲ. ಎಲ್ಲಿ ಇಡೂದು ಅನ್ನೂದು ಮಾತ್ರ ನಮ್ಮ ಕೈಲಿದೆ." ಪಟ್ಟಿಯ ಮೇಲೆ ಬೆರಳಾಡಿಸಿ ತೋರಿಸಿದರು. "ಇಲ್ಲಿ ನೋಡಿ. ಮೊದಲ ವರ್ಷ ಬಿದ್ದಿದ್ದ. ಎರಡನೇ ವರ್ಷ ಎದ್ದ. ಕೊನೇ ವರ್ಷ ಓಡಿದ್ದ. ಒಟ್ಟು ಲೆಕ್ಕ ನೋಡಿದವ್ರಿಗೆ ಇದು ಕಾಂಬುದಿಲ್ಲ. ಅವ್ರಿಗೆ ಕಾಂಬಂಗೆ ಮಾಡ್ಬೇಕು. ಅದ್ಕೆ ಒಂದು ವರ್ಷ ಬೇಕು. ಶಾಲೆ ಕೆಲಸ ಮುಗಿದ ಕೂಡ್ಲೆ ಅವನ್ನ ನನ್ನ ಹತ್ರ ಕಳಸ್ತ್ರಾ?"

ಕಳಿಸಿದೆ. ಮಾದೇವ ಹೊನ್ನಾವರದಲ್ಲಿ ನಮ್ಮ ಅತ್ತೆಯ ಮನೆಯಲ್ಲಿ ಉಳಿದು ದಿನಾ ಆ ಚಾಪೆಯ ಮೇಲೆ ಕೂರತೊಡಗಿದ. ಮೊದಲ ದಿನದಿಂದಲೇ ಅವನಿಗೆ 'ನೀನು' ಆಯಿತು. ನಾನು ಬೇಸರ ಮಾಡಿಕೊಳ್ಳಬೇಕೆಂದಿದ್ದೆ, ಆಮೇಲೆ ತಿಳಿಯಿತು, ಅದು ಅವನಿಗೆ ಸಿಕ್ಕ ಬಡ್ತಿ.

ಆ ವರ್ಷಗಳಲ್ಲಿ ಕೋರ್ಟಿನ ತುಂಬ ಗೇಣಿಯ ದಾವೆಗಳು. ತಲೆತಲಾಂತರಕ್ಕೆ ಬರೆದುಕೊಟ್ಟ ಮೂಲಗೇಣಿಯ ಹಳೆಯ ಪತ್ರಗಳು ಪೆಟ್ಟಿಗೆಗಳಿಂದ ಹೊರಗೆ ಬರುತ್ತಿದ್ದವು. ಕೆಲವು ಮರಾಠಿಯ ಹಳೆಯ ಮೋಡಿ ಅಕ್ಷರದಲ್ಲಿ. ಬರೆದವರು ಸತ್ತು ಎಷ್ಟೋ ಕಾಲವಾಗಿತ್ತು, ಓದುವವರೂ ಮುಗಿಯುತ್ತ ಬಂದಿದ್ದರು. ಮಾಸ್ತರರು ಓದುತ್ತಿದ್ದರು. ಮಾದೇವನಿಗೆ ಕಲಿಸಿದರು. ಪತ್ರ ಓದಿ, ಯಾರು ಯಾರಿಗೆ ಏನು ಕೊಟ್ಟರು, ಏನು ಕೊಡಲಿಲ್ಲ ಎಂಬುದನ್ನು ಅರ್ಧ ಪುಟದ ಇಂಗ್ಲಿಷಿನಲ್ಲಿ ಬರೆಯಬೇಕು. ತಪ್ಪಿದರೆ ಹರಿದು ಕೈಗೆ ಕೊಡುತ್ತಿದ್ದರು. ಒಂದು ದಿನ ನಾನು ಹೋದಾಗ ತಮ್ಮನ ಪಕ್ಕದಲ್ಲಿ ಹರಿದ ಕಾಗದದ ಗುಡ್ಡೆಯೇ ಬಿದ್ದಿತ್ತು.

"ಎಷ್ಟ್ ಸಲ ಬರೆದ್ಯೋ?"

"ಆರು ಸಲ ಆತು ಅಣ್ಣ."

"ಏಳನೇ ಸಲಕ್ಕೆ ಅಡ್ಡಿಲ್ಲ ಆಗ್ತದೆ" ಎಂದರು ಮಾಸ್ತರರು, ತಲೆಯೆತ್ತದೆ.

ಮಳೆಗಾಲ ಕಳೆಯುವ ಹೊತ್ತಿಗೆ ಒಳಗಿನ ಒಬ್ಬ ಹಿರಿಯ ವಕೀಲರು, "ಆ ಹುಡುಗನ ಟಿಪ್ಪಣಿ ಬಂತಾ?" ಎಂದು ಕೇಳಿ ಕಳಿಸತೊಡಗಿದರು. ಮಾಸ್ತರರು ಅದನ್ನೇ ಕಾದಿದ್ದರೆಂದು ಕಾಣುತ್ತದೆ. "ದೊಡ್ಡ ಮನುಷ್ಯರ ಕಾಗದ ಬೇಡ. ಅವ್ರಿಗೆ ಮಾದೇವನ ಮುಖ ಗೊತ್ತಿಲ್ಲ. ಅವನ ಕೆಲಸ ಕಂಡವ್ರ ಕಾಗದ ಬೇಕು" ಎಂದು ಆ ವಕೀಲರಿಂದ ಬರೆಸಿಕೊಂಡರು. ಟಿಪ್ಪಣಿಗಳ ಪುಸ್ತಕವನ್ನು ಹೊಲಿಸಿದರು. ಈ ಸಲ ಒಂದೇ ಬಾಗಿಲು ತಟ್ಟುವುದು ಬೇಡ, ಘಟ್ಟದ ಮೇಲೆ ಎರಡು ಕಾಲೇಜಿಗೆ ಹಾಕುವುದು, ಫಾರಂ ಬಂದ ವಾರದೊಳಗೆ ಹಾಕುವುದು ಎಂದರು. ಕೊನೆಯ ದಿನ ತಲುಪುವ ಅರ್ಜಿಯನ್ನು ದಣಿದ ಕಣ್ಣು ಓದುತ್ತದಂತೆ.

ಫಾರಂ ಬಂತು. ಉಳಿದದ್ದು ಮಾರ್ಕಿನ ಅದೇ ಪ್ರಶ್ನೆ.

ಎರಡು ಸಲ ನನ್ನನ್ನು ಬಿಟ್ಟು ಕೇಳಿದ್ದರಂತೆ. ಮೂರನೆಯ ಸಲಕ್ಕೆ ನನ್ನನ್ನು ಕರೆಸಿದರು. ಕೋರ್ಟಿಗೆ ರಜೆಯಿದ್ದ ದಿನ, ಅವರ ಮನೆಗೆ. ಬಾಗಿಲಲ್ಲಿ ಅವರ ಹೆಂಡತಿ, "ಅವ್ರು ಈಗ ಮನೇಲಿ ಇಲ್ಲೆ, ದೇವಸ್ಥಾನದಿಂದ ಈಗ ಬತ್ರು, ಕೂತ್ಕಳಿ" ಎಂದು ಬೆಲ್ಲ ನೀರು ಕೊಟ್ಟರು. ತಮ್ಮ ಆಗಲೇ ಬಂದು ಗೋಡೆಗೆ ಒರಗಿ ಕೂತಿದ್ದ. ಅವನು ನನ್ನ ಕಡೆ ನೋಡಲಿಲ್ಲ. ಅವರು ಬಂದರು, ಶಲ್ಯ ತೆಗೆದಿಟ್ಟು ಕೂತರು.

"ಹೇಳು ತಮಾ. ನಂಗೆ ಹೇಳಿದ್ದೇ ಹೇಳು. ಹೆಚ್ಚು ಬೇಡ, ಕಡಿಮೆ ಬೇಡ."

ಮಾದೇವ ನೆಲ ನೋಡುತ್ತ ಹೇಳಿದ. ಮಳೆಗಾಲದಲ್ಲಿ ಕ್ವಾರಿಗೆ ನೀರು ತುಂಬುತ್ತದೆ, ಅಣ್ಣನಿಗೆ ನಾಲ್ಕು ತಿಂಗಳು ಕೆಲಸವಿಲ್ಲ. ಆ ತಿಂಗಳುಗಳಲ್ಲಿ ಅಕ್ಕಿ ಕಡಿಮೆ ಬರುತ್ತಿತ್ತು, ಕೆಲವು ಸಲ ಬರುತ್ತಲೇ ಇರಲಿಲ್ಲ. ಅಣ್ಣ ಕೇಳಿದರೆ ಸಾಕಾಗುತ್ತದೆ ಎಂದು ತಾನೇ ಹೇಳುತ್ತಿದ್ದ. ಮನೆಯಲ್ಲಿ ತಾಯಿ, ಅತ್ತಿಗೆ ಏನು ಉಣ್ಣುತ್ತಿದ್ದರೆಂದು ಅವನಿಗೆ ಗೊತ್ತಿತ್ತು. ಬೋರ್ಡಿಂಗಿಗೆ ಹೋಗುವಂತಿಲ್ಲ, ಅಣ್ಣ ಬೇಡವೆಂದು ಹೇಳಿಯಾಗಿದೆ. ಕುಮಟೆಯ ಒಂದು ಖಾನಾವಳಿಯಲ್ಲಿ ಎರಡು ಹೊತ್ತಿನ ಊಟಕ್ಕಾಗಿ ಬೆಳಿಗ್ಗೆ ಮತ್ತು ಸಂಜೆ ಬಡಿಸುವ ಕೆಲಸ ಹಿಡಿದ. ಮಳೆಗಾಲಕ್ಕೆಂದು ಹಿಡಿದದ್ದು ವರ್ಷವಿಡೀ ಆಯಿತು. ಬೆಳಗಿನ ಕ್ಲಾಸುಗಳು ತಪ್ಪಿದವು. ಬಿದ್ದದ್ದು ಬೆಳಗಿನ ವಿಷಯದಲ್ಲಿಯೇ.

ನಮ್ಮ ಮನೆಯವನು ಬಿಟ್ಟಿ ಅನ್ನ ಉಣ್ಣುವುದಿಲ್ಲ ಎಂದು ನಾನು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಾಗ ಅವನು ಕುಮಟೆಯಲ್ಲಿ ಕಂಡವರ ಎಲೆ ಎತ್ತುತ್ತಿದ್ದ.

"ಎಂತಕ್ಕೆ ಹೇಳ್ಲಿಲ್ಲ ನಂಗೆ?" ನನ್ನ ದನಿ ನನಗೇ ಅಸಹ್ಯವಾಗುವಷ್ಟು ಜೋರಾಗಿತ್ತು.

ಮಾಸ್ತರರೇ ಮಾತಾಡಿದರು. "ಜಟ್ಟಪ್ಪ, ಇದು ನಿಮ್ಮ ಮನೆ ಮರ್ಯಾದಿ ಸಂಗತಿ. ಇದನ್ನ ಬರೆದ್ರೆ ಪೋಷಕರು ಅಂತ ಕೆಳಗೆ ನಿಮ್ಮ ಸಹಿ ಬೇಕು. ನೀವು ಹೂಂ ಅಂದ್ರೆ ಬರೀತೆ. ಇಲ್ಲಾಂದ್ರೆ ಮಾರ್ಕಿನ ಸುದ್ದಿ ಎತ್ತದೇ ಕಳಸುವ. ಸೀಟು ಸಿಕ್ಕಿದ್ರೂ ಸಿಗ್ಬಹುದು, ಸಿಗದೇನೂ ಇರ್ಬಹುದು. ಸುಳ್ಳು ಮಾತ್ರ ಬೇಡ."

ನಾನು ಎದ್ದು ಬಂದೆ. ಹೂಂ ಎನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಮುಟ್ಟಳ್ಳಿಯಿಂದ ಹೊರಟು, ಹೊನ್ನಾವರದಲ್ಲಿ ಅವರ ಕಣ್ಣಿಗೆ ಬೀಳದಂತೆ ಕುಮಟೆಯ ಬಸ್ಸು ಹತ್ತಿದೆ. ಖಾನಾವಳಿ ಹುಡುಕುವುದು ಕಷ್ಟವಾಗಲಿಲ್ಲ. ಯಜಮಾನರು ಕೊಂಕಣಿಗರು, ದಪ್ಪನೆಯ ಮನುಷ್ಯ. "ಬೈಸಾ, ಬೈಸಾ" ಎಂದು ಮಣೆ ತೋರಿಸಿದರು. ಎಲೆ ಹಾಕಿದರು. ನಾನು ಯಾರೆಂದು ಹೇಳಲಿಲ್ಲ. ಬಡಿಸುತ್ತಿದ್ದವನು ಇಪ್ಪತ್ತರ ಹತ್ತಿರದವನು. ಸಾರು ಹಾಕುವಾಗ ಅವನ ಬೆನ್ನು ಬಗ್ಗುವುದನ್ನು ನೋಡಿ ನಾನು ಎಲೆಯಿಂದ ಕೈ ತೆಗೆದೆ.

"ಎಂತ, ಊಟ ಸರಿ ಆಗ್ಲಿಲ್ವಾ?" ಎಂದು ಯಜಮಾನರು ಬಂದರು.

"ಮಾದೇವ ಅಂತ ಇಲ್ಲಿ ಇದ್ದಿದ್ನ?"

"ಅರೇ! ನಮ್ಮ ಕಾಲೇಜಿನವ! ನೀವು ಅವನಿಗೆ ಎಂತ ಆಗ್ಬೇಕು?"

"ಅಣ್ಣ."

ಅವರು ನನ್ನ ಎದುರು ನೆಲದ ಮೇಲೆಯೇ ಕೂತರು. ಹೇಳುತ್ತ ಹೋದರು. ಅಕ್ಕಿ ಮೂಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದದ್ದು. ಕೊನೆಯ ವರ್ಷ ಇವರೇ, "ನೀ ಬೆಳಿಗ್ಗೆ ಬರ್ಬೇಡ, ಸಂಜೆ ಒಂದು ಹೊತ್ತು ಬಡಿಸು, ಎರಡು ಹೊತ್ತು ಉಣ್ಣು" ಎಂದದ್ದು; ಅದಕ್ಕೆ ಅವನು ಒಪ್ಪದೆ ಭಾನುವಾರ ಇಡೀ ದಿನ ದುಡಿದು ಸರಿಮಾಡುತ್ತಿದ್ದದ್ದು. "ಭಯಂಕರ ಸ್ವಾಭಿಮಾನ ಮಾರಾಯ್ರೆ ಅವನಿಗೆ. ಯಾರಿಂದ ಬಂತೋ!" ಎಂದು ನಕ್ಕರು.

ನಾನು ಕೈ ತೊಳೆದು ಬಂದು, ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಡುತ್ತೀರಾ ಎಂದು ಕೇಳಿದೆ. ಜೀವಮಾನದಲ್ಲಿ ನಾನು ಒಬ್ಬರ ಹತ್ತಿರ ಬೇಡಿದ್ದು ಅದೇ ಮೊದಲು. ಅವರು ತಮ್ಮ ಕನ್ನಡದಲ್ಲಿ ಒಂದು ಪುಟ ಬರೆದು, ಖಾನಾವಳಿಯ ಠಸ್ಸೆ ಹೊಡೆದು ಕೊಟ್ಟರು.

ಆ ಕಾಗದ ಡೆಸ್ಕಿನ ಮೇಲಿಟ್ಟಾಗ ಮಾಸ್ತರರು ಎರಡು ಸಲ ಓದಿದರು. "ಇದನ್ನ ಇಷ್ಟು ಚಂದ ನಾನೂ ಬರೀತಿರ್ಲಿಲ್ಲ" ಎಂದರು. ಆಮೇಲೆ ಅರ್ಜಿ ಬರೆದರು. ಇಂಗ್ಲಿಷಿನಲ್ಲಿ ಬರೆದು ನನಗೆ ಕನ್ನಡದಲ್ಲಿ ಹೇಳಿದರು. ನನ್ನ ಅಣ್ಣ ಧರ್ಮದ ಊಟ ಬೇಡವೆಂದರು, ಮಳೆಗಾಲದಲ್ಲಿ ಅವರಿಗೆ ದುಡಿಮೆಯಿರಲಿಲ್ಲ, ನಾನು ಅದನ್ನು ಅವರಿಗೆ ಹೇಳದೆ ಖಾನಾವಳಿಯಲ್ಲಿ ದುಡಿದು ಓದಿದೆ, ಕ್ಲಾಸುಗಳು ತಪ್ಪಿದವು, ತಪ್ಪು ಯಾರದೆಂದು ನಾನು ಹೇಳುತ್ತಿಲ್ಲ, ಅಂಕಗಳು ನನ್ನವು. ಹೀಗೆ ಐದಾರು ಸಾಲು. ನಂತರ ವರ್ಷ ವರ್ಷದ ಮಾರ್ಕು, ಗೇಣಿ ಪತ್ರಗಳ ಕೆಲಸ.

ನಾನು, "'ಬೇಡವೆಂದರು' ಅಂತ ಅಷ್ಟೇ ಸಾಲ್ದು. ಸೊಕ್ಕಿಂದ ಬೇಡ ಅಂದ ಅಂತ ಬರೀರಿ" ಎಂದೆ.

"ಅದು ನಿಮ್ಮ ಅರ್ಜಿ. ಅವನದ್ದಲ್ಲ" ಎಂದರು.

ಸಹಿ ಹಾಕಿದೆ. ನನ್ನ ಸಹಿಗೆ ಹೊತ್ತು ಹಿಡಿಯುತ್ತದೆ. ಅವರು ಕಾಗದ ಅಲುಗದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು.

ಒಂದು ಕಾಲೇಜಿನಿಂದ ಉತ್ತರವೇ ಬರಲಿಲ್ಲ. ಇನ್ನೊಂದು ಕರೆಯಿತು. ಮಾದೇವ ಟ್ರಂಕು ತೆಗೆದುಕೊಂಡೇ ಘಟ್ಟ ಹತ್ತಿದ. ಸಿಕ್ಕಿದರೆ ಅಲ್ಲೇ ಉಳಿಯುವುದು, ಇಲ್ಲವಾದರೆ ಟ್ರಂಕು ಹೊತ್ತು ಇಳಿಯುವುದು. ಎಂಟು ದಿನ ಸುದ್ದಿಯಿಲ್ಲ. ಅಷ್ಟರಲ್ಲಿ ಮಳೆ ಹಿಡಿಯಿತು, ಕ್ವಾರಿಯಲ್ಲಿ ಸೊಂಟದವರೆಗೆ ನೀರು. ಒಂಬತ್ತನೆಯ ದಿನ ಕಾರ್ಡು ಬಂತು. ಪ್ರಿನ್ಸಿಪಾಲರು ಮೋಡಿ ಪತ್ರದ ಬಗ್ಗೆ ಅರ್ಧ ಗಂಟೆ ಕೇಳಿದರಂತೆ. ಖಾನಾವಳಿಯವರ ಕಾಗದವನ್ನು ಕನ್ನಡ ಬಲ್ಲ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿದರಂತೆ. ಸೀಟು ಕೊಟ್ಟರು.

ಕಾರ್ಡನ್ನು ಎಣ್ಣೆ ಕಾಗದದಲ್ಲಿ ಸುತ್ತಿಕೊಂಡು ಆ ಮಳೆಯಲ್ಲಿಯೇ ಹೊಳೆ ದಾಟಿದೆ. ಜಗಲಿಯಲ್ಲಿ ಅವರೊಬ್ಬರೇ ಇದ್ದರು. ಓದಿದರು. ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿಕೊಂಡರು.

"ನಿಮ್ಮಿಂದ ಆತು ಮಾಸ್ತರ್ರೇ" ಎಂದೆ.

"ಒಂದು ಮಾತು ಉಳದಿತ್ತು" ಎಂದರು ಅವರು. "ನಂಗೆ ಮೊದಲ ಸಲ ಆ ಖಾನಾವಳಿ ಸಂಗತಿ ಹೇಳಿದ ದಿನವೇ ಮಾದೇವ ಹೇಳಿದ್ದ. ಇದನ್ನ ಕೇಳಿ ಅಣ್ಣಂಗೆ ನೋವಾತು ಅಂದ್ರೆ ಬರೀಬೇಡಿ, ಸೀಟು ಹೋದ್ರೆ ಹೋಗ್ಲಿ, ನಾ ಹಿರೇಗುತ್ತಿಯಲ್ಲೇ ಮಾಸ್ತರಿಕೆ ಮಾಡ್ಕಂಡು ಇರ್ತೆ ಅಂತ."

"ಆಗ್ಲೇ ಎಂತಕ್ಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ ನೀವು ಆ ಕ್ಷಣಕ್ಕೇ ಸಹಿ ಹಾಕ್ತಿದ್ರಿ. ತಮ್ಮನ ಮುಖ ನೋಡಿ ಹಾಕ್ತಿದ್ರಿ. ನಂಗೆ ನೀವು ಕಾಗದ ನೋಡಿ ಹಾಕ್ಬೇಕಿತ್ತು."

ಅಲ್ಲಿಂದ ಟಪಾಲು ಕಚೇರಿಗೆ ಹೋಗಿ ಒಂದು ಕಾರ್ಡು ಕೊಂಡೆ. ಬರೆದುಕೊಡುತ್ತೇನೆ ಎಂದು ಅಲ್ಲಿದ್ದವನೊಬ್ಬ ಮುಂದೆ ಬಂದ, ಬೇಡವೆಂದೆ. ಗೋಡೆಗೆ ಕಾರ್ಡು ಒತ್ತಿ ಹಿಡಿದು, ದಾರ ಕಟ್ಟಿದ ಅಲ್ಲಿನ ಪೆನ್ಸಿಲಿನಿಂದ, ನಾಲ್ಕನೇ ಇಯತ್ತೆಯಲ್ಲಿ ಕಲಿತ ಅಕ್ಷರದಲ್ಲಿ ನಾನೇ ಬರೆದೆ:

"ಚಿ. ಮಾದೇವನಿಗೆ ಆಶೀರ್ವಾದ. ಕಾರ್ಡು ಮುಟ್ಟಿತು. ಇಲ್ಲಿ ಮಳೆ ಹಿಡಿದು ಕ್ವಾರಿ ನಿಂತಿದೆ. ಈ ತಿಂಗಳು ಅಕ್ಕಿ ಕಳಿಸಲು ನನ್ನಿಂದ ಆಗುವುದಿಲ್ಲ. ಬರುವ ತಿಂಗಳೂ ಆಗುವುದಿಲ್ಲ. ಅಲ್ಲಿ ಯಾರಾದರೂ ಬಿಟ್ಟಿ ಊಟ ಕೊಡುತ್ತಾರೋ ಕೇಳು. ಕೊಟ್ಟರೆ ಉಣ್ಣು."